ಮದ್ದನ್ನು ತಕ್ಕಡಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಚಳಿಗಾಲದ ಜಿಂಕೆ ಬೇಟೆಯ ಬಗ್ಗೆ ಬಂದ ಲೇಖನವನ್ನು ಓದಿದೆ. ಬರಹ ಚೆನ್ನಾಗಿತ್ತು, ಚಿತ್ರಗಳು ಇನ್ನೂ ಚೆನ್ನಾಗಿದ್ದವು. ಆದರೆ ಪಕ್ಕದ ಚೌಕಟ್ಟಿನಲ್ಲಿ, ಮೂತಿಯಿಂದ ತುಂಬುವ ಕೋವಿಗೆ ಎಷ್ಟು ಮದ್ದು, ಎಂಥ ಗುಂಡು ಎಂದು ಕೊಟ್ಟಿದ್ದ ಪಟ್ಟಿಯನ್ನು ನೋಡಿ ಗಾಬರಿಯಾಯಿತು. 100 ಗ್ರೇನ್ ಎಂದರೆ ಸುಮಾರು ಆರೂವರೆ ಗ್ರಾಂ, ಯಾವ ಮದ್ದಾದರೂ ಅಷ್ಟನ್ನು ತೂಗಿ ಹಾಕಿದರಾಯಿತು ಎಂದು ಅದರಲ್ಲಿತ್ತು. ದೂರದ ಜಿಂಕೆಗೆ 150 ಗ್ರೇನ್ ಬೇಕು ಎಂದೂ ಇತ್ತು. ಮೊದಲನೆಯ ಮಾತು ಕೋವಿ ಹಿಡಿದವನಿಗೆ ಅಪಾಯ, ಎರಡನೆಯದು ಜಿಂಕೆಗೆ ಬಗೆಯುವ ದ್ರೋಹ. ಪತ್ರ ಉದ್ದವಾಗುತ್ತದೆ, ಕ್ಷಮಿಸಿ. ಆ ಪಟ್ಟಿ ಚಿಕ್ಕದಾಗಿದ್ದುದೇ ಅದರ ದೊಡ್ಡ ದೋಷ.

ನಾನು ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕೋವಿಯವರಿಗೆಂದೇ ಪ್ರತ್ಯೇಕ ಬೇಟೆ ಋತು ಇದೆ. 1974ರಲ್ಲಿ ಶುರುವಾದ ಪದ್ಧತಿ ಇದು. ಮಲೆನಾಡಿನ ಓದುಗರಿಗೆ ಕೇಪಿನ ಕೋವಿ ಗೊತ್ತಿರುತ್ತದೆ. ಇದು ಅದಕ್ಕಿಂತಲೂ ಹಿಂದಿನ ತಲೆಮಾರಿನದು. ಕೇಪೂ ಇಲ್ಲ. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಆ ಕಿಡಿ ಕಿವಿಯ ಬಟ್ಟಲಿನ ಪುಡಿಮದ್ದಿಗೆ ತಗುಲಬೇಕು, ಅಲ್ಲಿಂದ ಉರಿ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದಿಗೆ ಹೋಗಬೇಕು. ನಳಿಗೆ .44 ಕ್ಯಾಲಿಬರ್‌ಗಿಂತ ಚಿಕ್ಕದಿರಬಾರದು (ಕ್ಯಾಲಿಬರ್ ಎಂದರೆ ಅಂಗುಲದಲ್ಲಿ ಹೇಳುವ ನಳಿಗೆಯ ಒಳವ್ಯಾಸ), ಮೇಲೆ ದುರ್ಬೀನು ಇರಬಾರದು. ಒಂದು ಈಡು, ಅದು ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಜಿಂಕೆ ಬೇರೆ ತಾಲ್ಲೂಕಿನಲ್ಲಿರುತ್ತದೆ. ಹೀಗಾಗಿ ಇಲ್ಲಿ ಮದ್ದು, ಗುಂಡು, ಗುಂಡಿಗೆ ಸುತ್ತುವ ಬಟ್ಟೆಯ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವವರು ಬಹಳ. ನಾನೂ ಅವರಲ್ಲೊಬ್ಬ.

ತೂಕದ ವಿಷಯಕ್ಕೆ ಬರುತ್ತೇನೆ. ಗ್ರೇನ್ ಎಂಬುದು ತೂಕದ ಮಾನ ಎನ್ನುವುದು ನಿಜ. ಒಂದು ಪೌಂಡಿಗೆ 7,000 ಗ್ರೇನ್. ಗುಂಡಿನ ಮಟ್ಟಿಗೆ ಅದನ್ನು ತೂಕವೆಂದೇ ತಿಳಿಯಬೇಕು. ಮದ್ದಿನ ಮಟ್ಟಿಗೆ ಹಾಗಲ್ಲ. ಮೂತಿಕೋವಿಯವರ ಕೈಯಲ್ಲಿ ಹಿತ್ತಾಳೆಯ ಸಣ್ಣ ಅಳತೆಕೊಳವೆ ಇರುತ್ತದೆ, ಅದರ ಮೇಲೆ 50, 60, 70 ಎಂದು ಗೀರುಗಳಿರುತ್ತವೆ. ನಿಜವಾದ ಕಪ್ಪು ಮದ್ದನ್ನು, ಅಂದರೆ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಸೇರಿದ ಹಳೆಯ ಮದ್ದನ್ನು, ಆ ಕೊಳವೆಗೆ ಸುರಿದರೆ ಗೀರಿನ ಸಂಖ್ಯೆಯೂ ತೂಕವೂ ಹೆಚ್ಚು ಕಡಿಮೆ ಒಂದೇ ಆಗುತ್ತವೆ. ಕಪ್ಪು ಮದ್ದನ್ನು ತೂಗಿದರೂ ಅಳೆದರೂ ಅನಾಹುತವೇನೂ ಆಗುವುದಿಲ್ಲ. ಅನಾಹುತ ಇರುವುದು ಕಪ್ಪು ಮದ್ದಿನ ಜಾಗದಲ್ಲಿ ಬಳಸುವ ಬದಲಿ ಮದ್ದುಗಳಲ್ಲಿ.

ಪೈರೋಡೆಕ್ಸ್ 1970ರ ದಶಕದ ಮಧ್ಯದಲ್ಲಿ ಬಂತು. ಅದು ಕಪ್ಪು ಮದ್ದಿಗಿಂತ ಹಗುರ, ಆದರೆ ಅದೇ ಕೊಳವೆಯಲ್ಲಿ ಅದೇ ಗೀರಿನವರೆಗೆ ತುಂಬಿದರೆ ಸುಮಾರು ಅದೇ ಕೆಲಸ ಮಾಡುತ್ತದೆ. ಟ್ರಿಪಲ್ ಸೆವೆನ್ ಎಂಬ ಇನ್ನೊಂದು ಬದಲಿ ಮದ್ದು ಇನ್ನೂ ಬಿಸಿ ರಕ್ತದ್ದು. ಕಪ್ಪು ಮದ್ದಿನ ವೇಗವೇ ಸಾಕೆನ್ನುವವರು ಅಳತೆಯಲ್ಲಿ ನೂರಕ್ಕೆ 15ರಷ್ಟು ಕಡಿಮೆ ಹಾಕಬೇಕೆಂದು ತಯಾರಕರೇ ಹೇಳುತ್ತಾರೆ. ಬ್ಲ್ಯಾಕ್‌ಹಾರ್ನ್ 209 ಎಂಬ ಮದ್ದಂತೂ ಕೊಳವೆಯ 100ರ ಗೀರಿಗೆ ತುಂಬಿದಾಗ ತಕ್ಕಡಿಯಲ್ಲಿ ಸುಮಾರು 70 ಗ್ರೇನ್ ಮಾತ್ರ ತೂಗುತ್ತದೆ. ಈಗ ನಿಮ್ಮ ಪಟ್ಟಿಯನ್ನು ನಂಬಿದವನೊಬ್ಬ ಅದೇ ಮದ್ದನ್ನು ತಕ್ಕಡಿಯಲ್ಲಿ 100 ಗ್ರೇನ್ ತೂಗಿಕೊಂಡ ಎನ್ನಿ. ಕೊಳವೆಯ ಲೆಕ್ಕದಲ್ಲಿ ಅವನ ನಳಿಗೆಗೆ ಬಿದ್ದದ್ದು 140ಕ್ಕಿಂತ ಹೆಚ್ಚು. ತಯಾರಕರು ಹಾಕಿರುವ ಮಿತಿಯ ಆಚೆ ಅವನಿದ್ದಾನೆ, ಅದು ಅವನಿಗೆ ತಿಳಿದೂ ಇಲ್ಲ. ಇಂದಿನ ಬಂದೂಕುಗಳಲ್ಲಿ ಬಳಸುವ ಹೊಗೆರಹಿತ ಮದ್ದನ್ನು ಮೂತಿಕೋವಿಗೆ ಹಾಕುವುದಂತೂ ಕೂಡದು. ಅದಕ್ಕೆಂದೇ ಕಟ್ಟಿದ ಒಂದೆರಡು ವಿಶೇಷ ಕೋವಿಗಳನ್ನು ಬಿಟ್ಟರೆ ಉಳಿದವುಗಳ ನಳಿಗೆ ಅದರ ಒತ್ತಡವನ್ನು ತಾಳುವುದಿಲ್ಲ. ನಿಮ್ಮ ಪಟ್ಟಿಯ ‘ಯಾವ ಮದ್ದಾದರೂ’ ಎಂಬ ಎರಡು ಪದಗಳಲ್ಲಿ ಇದೂ ಒಳಗೆ ನುಸುಳಿಬಿಡುತ್ತದೆ.

ನಮ್ಮಂಥ ಚಕಮಕಿಯವರಿಗೆ ಆಯ್ಕೆಯ ಗೋಜು ಕಡಿಮೆ. ಬದಲಿ ಮದ್ದುಗಳು ಹೊತ್ತಿಕೊಳ್ಳಲು ಹೆಚ್ಚು ಬಿಸಿ ಕೇಳುತ್ತವೆ, ಕಲ್ಲಿನ ಕಿಡಿಗೆ ಜಗ್ಗುವುದಿಲ್ಲ. ಹಾಗಾಗಿ ನಮಗೆ ಅಸಲಿ ಕಪ್ಪು ಮದ್ದೇ ಗತಿ. ಲೂಸಿಯಾನಾದ ಮಿಂಡೆನ್‌ನಲ್ಲಿದ್ದ ಗೋಯೆಕ್ಸ್ ಎಂಬ ಕಪ್ಪು ಮದ್ದಿನ ಕಾರ್ಖಾನೆಯನ್ನು ಮುಚ್ಚುತ್ತೇವೆ ಎಂದು 2021ರಲ್ಲಿ ಅದರ ಅಂದಿನ ಒಡೆಯರು ಹೇಳಿದಾಗ ನಮ್ಮ ಗೆಳೆಯರ ಬಳಗದಲ್ಲಿ ಸೂತಕದ ಕಳೆ ಇತ್ತು. ಮರುವರ್ಷ ಬೇರೊಬ್ಬರು ಕೊಂಡರು ಎಂಬ ಸುದ್ದಿ ಬಂದ ಮೇಲೆಯೇ ಸಮಾಧಾನವಾದದ್ದು. ಸ್ವಿಸ್ ಮದ್ದು ಇದೆಯಲ್ಲ ಎಂದು ಕೇಳಬಹುದು. ಇದೆ, ಒಳ್ಳೆಯದೂ ಹೌದು, ಆದರೆ ಅದು ಗೋಯೆಕ್ಸ್‌ಗಿಂತ ಚುರುಕು. ಡಬ್ಬಿ ಬದಲಾಯಿತು ಎಂದರೆ ಅಳತೆಯನ್ನು ಮೊದಲಿನಿಂದ ಹುಡುಕಬೇಕು.

ಕಾಳಿನ ಗಾತ್ರವೂ ಮುಖ್ಯ. ಡಬ್ಬಿಯ ಮೇಲೆ ಎಫ್ ಅಕ್ಷರ ಎಷ್ಟು ಸಲ ಬಂದರೆ ಕಾಳು ಅಷ್ಟು ಸಣ್ಣದು, ಸಣ್ಣದಾದಷ್ಟೂ ಬೇಗ ಉರಿಯುತ್ತದೆ. ನಾಲ್ಕು ಎಫ್ ಬಟ್ಟಲಿಗೆ ಮಾತ್ರ. ಮೂರು ಎಫ್ .45 ಮತ್ತು ಅದಕ್ಕಿಂತ ಚಿಕ್ಕ ನಳಿಗೆಗೆ, ಎರಡು ಎಫ್ .50 ಮತ್ತು ಅದಕ್ಕಿಂತ ದೊಡ್ಡದಕ್ಕೆ ಎಂಬುದು ರೂಢಿ. .50ಕ್ಕೂ ಮೂರು ಎಫ್ ಹಾಕುವವರಿದ್ದಾರೆ; ಅವರು ಅಳತೆಯನ್ನು ಹತ್ತಕ್ಕೆ ಒಂದರಷ್ಟು ಇಳಿಸುತ್ತಾರೆ.

ಇಷ್ಟು ಹೇಳಿದರೂ ಮದ್ದು ಎರಡನೆಯ ಪ್ರಶ್ನೆಯೇ. ಮೊದಲ ಪ್ರಶ್ನೆ ನಳಿಗೆಯ ಒಳಗಿನ ಸುರುಳಿಯದು, ನಿಮ್ಮ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ನಳಿಗೆಯ ಒಳಗೋಡೆಯಲ್ಲಿ ತಿರುಗುತ್ತಾ ಹೋಗುವ ಗೆರೆಗಳು ಎಷ್ಟು ಅಂಗುಲಕ್ಕೆ ಒಂದು ಸುತ್ತು ಮುಗಿಸುತ್ತವೆ ಎನ್ನುವುದರ ಮೇಲೆ ಆ ಕೋವಿ ಯಾವ ಗುಂಡನ್ನು ಒಪ್ಪುತ್ತದೆ ಎಂಬುದು ನಿಂತಿದೆ. ನನ್ನ ಕೋವಿಯದು 66 ಅಂಗುಲಕ್ಕೆ ಒಂದು ಸುತ್ತು. ಇಂದಿನ ಇನ್‌ಲೈನ್ ಕೋವಿಗಳದು, ಅಂದರೆ ನಳಿಗೆಯ ಹಿಂದಿನಿಂದ ನೇರವಾಗಿ ಕಿಡಿ ಹಾಯುವ ಮೂತಿಕೋವಿಗಳದು, ಬಹುಪಾಲು 28 ಅಂಗುಲಕ್ಕೆ ಒಂದು. ಮಧ್ಯೆ 48ರ ರಾಜಿ ಸೂತ್ರದವು ಇವೆ; 1970ರಲ್ಲಿ ಥಾಂಪ್ಸನ್ ಸೆಂಟರ್‌ನವರು ಹೊರತಂದ ಹಾಕನ್ ಕೋವಿ ಅದರ ಪ್ರಸಿದ್ಧ ಉದಾಹರಣೆ. ಉರುಟು ಗುಂಡನ್ನೂ ಉದ್ದ ಗುಂಡನ್ನೂ ತಕ್ಕಮಟ್ಟಿಗೆ ಹಾರಿಸುತ್ತದೆ.

ಇದರ ಹಿಂದಿನ ಲೆಕ್ಕ ಸರಳ. 1879ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಆಲ್ಫ್ರೆಡ್ ಗ್ರೀನ್‌ಹಿಲ್ ಕೊಟ್ಟ ಸೂತ್ರವನ್ನು ಇಂದಿಗೂ ಕಾಗದದ ಚೂರಿನ ಮೇಲೆ ಹಾಕಿ ನೋಡಬಹುದು: ಗುಂಡಿನ ವ್ಯಾಸವನ್ನು ಅದರಿಂದಲೇ ಗುಣಿಸಿ, 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿದರೆ ಬರುವುದು ಒಂದು ಸುತ್ತಿಗೆ ಬೇಕಾದ ಅಂಗುಲಗಳು. ಉರುಟು ಗುಂಡಿಗೆ ಉದ್ದವೂ ವ್ಯಾಸವೂ ಒಂದೇ. .490 ಅಂಗುಲದ ಗುಂಡಿಗೆ ಸುಮಾರು 73 ಬರುತ್ತದೆ. ಹಳೆಯ ಕಮ್ಮಾರರು ಈ ಸೂತ್ರ ಹುಟ್ಟುವ ಮೊದಲೇ ನಿಧಾನದ ಸುರುಳಿ ಕೊರೆಯುತ್ತಿದ್ದರು ಎನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ಅದೇ ನಳಿಗೆಗೆ ಒಂದು ಅಂಗುಲ ಉದ್ದದ ಶಂಕುಗುಂಡು ಹಾಕಿದರೆ ಉತ್ತರ 40ರ ಕೆಳಗಿಳಿಯುತ್ತದೆ. ನನ್ನ 66ರ ನಳಿಗೆ ಆ ಗುಂಡಿಗೆ ಸಾಕಷ್ಟು ತಿರುಗು ಕೊಡಲಾರದು. ಗುಂಡು ಅಡ್ಡಡ್ಡ ಬಿದ್ದು ಗುರಿಕಾಗದದಲ್ಲಿ ಬೀಗದ ಕೀಲಿರಂಧ್ರದ ಆಕಾರದ ತೂತು ಮಾಡುತ್ತದೆ. ಇನ್ನೊಂದು ಕಡೆ, 28ರ ನಳಿಗೆಯಲ್ಲಿ ಉರುಟು ಗುಂಡಿಗೆ ಬೇಟೆಯ ಅಳತೆಯ ಮದ್ದು ಹಾಕಿದರೆ ಬಟ್ಟೆ ಗೆರೆಗಳ ಹಿಡಿತವನ್ನು ಬಿಟ್ಟು ಜಾರುತ್ತದೆ. ಮದ್ದು ಬಹಳ ಇಳಿಸಿದರೆ ಅದೂ ಒಲಿಯುತ್ತದೆ, ಆದರೆ ಆಗ ಅದು ಕಾಗದಕ್ಕೆ ಸರಿ, ಜಿಂಕೆಗೆ ಸಾಲದು.

ಉರುಟು ಗುಂಡಿನ ಬಗ್ಗೆ ಜನ ಹಗುರವಾಗಿ ಮಾತನಾಡುವುದಕ್ಕೆ ಕಾರಣ ಅದರ ತೂಕ. ಅಚ್ಚ ಸೀಸದ ಗುಂಡಿನ ತೂಕ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. .45 ನಳಿಗೆಗೆ ಹಾಕುವ .440 ಅಂಗುಲದ್ದು 128 ಗ್ರೇನ್, .50ರ .490 ಅಂಗುಲದ್ದು 177, .54ರ .530 ಅಂಗುಲದ್ದು 224 ಗ್ರೇನ್ ಸುಮಾರು. ನಳಿಗೆಯ ಬಾಯಿ ಕಿರುಬೆರಳಿನ ಉಗುರಿನಷ್ಟೂ ಅಗಲವಾಗಿಲ್ಲ, ಗುಂಡು ಮಾತ್ರ ಮುಕ್ಕಾಲು ಪಾಲು ಭಾರವಾಯಿತು. ಹೆಚ್ಚು ಪೆಟ್ಟು ಬೇಕೆನ್ನುವವನು ಮದ್ದು ಸುರಿಯುವ ಬದಲು ನಳಿಗೆಯನ್ನು ಹಿಗ್ಗಿಸಬೇಕು ಎಂದು ಹಳಬರು ಹೇಳುವುದು ಇದಕ್ಕೇ. ಬಿಳಿಬಾಲದ ಜಿಂಕೆಗೆ .50 ಸಾಕು. ಎಲ್ಕ್‌ನಂಥ ದೊಡ್ಡ ಪ್ರಾಣಿಗೆ ನಾನಾದರೆ .54 ಎತ್ತಿಕೊಳ್ಳುತ್ತೇನೆ, ಇಲ್ಲವೇ .50ರಲ್ಲಿ ಭಾರದ ಶಂಕುಗುಂಡು. ಸೀಸ ಮೆತ್ತಗಿರಬೇಕು. ಉಗುರಿನಿಂದ ಕೆರೆದರೆ ಗೀರು ಬೀಳಬೇಕು. ಚಕ್ರದ ತೂಕದ ಬಿಲ್ಲೆ ಕರಗಿಸಿ ಎರಕ ಹೊಯ್ದ ಗಟ್ಟಿ ಗುಂಡು ಮಾಂಸದಲ್ಲಿ ಅರಳುವುದಿಲ್ಲ, ಶಂಕುಗುಂಡಾದರೆ ನಳಿಗೆಯೊಳಗೆ ದಬ್ಬುವುದಕ್ಕೂ ಆಗುವುದಿಲ್ಲ.

ಗುಂಡಿನಷ್ಟೇ ಮುಖ್ಯವಾದದ್ದು ಅದನ್ನು ಸುತ್ತಿಕೊಳ್ಳುವ ಬಟ್ಟೆ. ಗುಂಡು ನಳಿಗೆಗಿಂತ ಚಿಕ್ಕದು. ನಡುವಿನ ಸಂದನ್ನು ತುಂಬುವುದು, ಗೆರೆಗಳನ್ನು ಹಿಡಿದು ಗುಂಡನ್ನು ತಿರುಗಿಸುವುದು ಎರಡೂ ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯ ಕೆಲಸ. ನಾನು ಬಳಸುವುದು ತಲೆದಿಂಬಿನ ಪಟ್ಟೆಬಟ್ಟೆ, ಬೆರಳಲ್ಲಿ ಒತ್ತಿ ಅಳೆದರೆ .015ರಿಂದ .018 ಅಂಗುಲ ದಪ್ಪ. ಒಗೆದು ಗಂಜಿ ತೆಗೆದ ಬಟ್ಟೆಯಾಗಿರಬೇಕು. ಯಾವ ಅಳತೆಯ ಮದ್ದು ಸರಿ ಎಂದು ನನ್ನನ್ನು ಕೇಳುವವರಿಗೆ ನಾನು ಹೇಳುವುದು ಒಂದೇ: ಗುರಿಕಾಗದದ ಕಡೆ ಓಡುವ ಮೊದಲು ಮೂತಿಯ ಮುಂದೆ ಹತ್ತು ಹೆಜ್ಜೆ ನಡೆಯಿರಿ, ಬಿದ್ದಿರುವ ಬಟ್ಟೆಯನ್ನು ಹುಡುಕಿ ಅಂಗೈಯಲ್ಲಿ ಬಿಡಿಸಿ ನೋಡಿ.

ಅಷ್ಟು ಮಾತಾಡುವ ಸಾಕ್ಷಿ ಬೇರೆ ಇಲ್ಲ. ಚೆನ್ನಾಗಿ ಹೋದ ಈಡಿನ ಬಟ್ಟೆ ಅಂಚಿನಲ್ಲಿ ಸ್ವಲ್ಪ ನೂಲು ಬಿಟ್ಟಿರುತ್ತದೆ, ನಡುವೆ ಗುಂಡು ಕೂತಿದ್ದ ಜಾಗದಲ್ಲಿ ಬೂದು ಬಣ್ಣದ ದುಂಡು ಗುರುತು, ಅದರ ಸುತ್ತ ಗೆರೆಗಳು ಒತ್ತಿದ ಸಮಾನ ಮಡಿಕೆಗಳು. ಇನ್ನೊಮ್ಮೆ ಬಳಸಬಹುದೇನೋ ಎನ್ನಿಸುವಷ್ಟು ಗಟ್ಟಿ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಇಲ್ಲವೇ ಎಣ್ಣೆ ಸಾಲದು, ಇಲ್ಲವೇ ಮದ್ದು ಹೆಚ್ಚು. ದುಂಡು ಗುರುತಿನಿಂದ ಆಚೆಗೆ ಕಪ್ಪು ಕಿರಣಗಳು ಹರಡಿದ್ದರೆ ಉರಿಯ ಅನಿಲ ಗುಂಡನ್ನು ಹಾಯ್ದು ಮುಂದೆ ಹೋಗಿದೆ, ಅಂದರೆ ಸಂದು ಮುಚ್ಚಿಲ್ಲ. ಮಡಿಕೆಗಳ ಜಾಗದಲ್ಲೇ ಸಾಲಾಗಿ ಕತ್ತರಿಸಿದಂತಿದ್ದರೆ ಹೊಸ ನಳಿಗೆಯ ಗೆರೆಗಳ ಅಂಚು ಇನ್ನೂ ಚೂಪಾಗಿದೆ ಅಥವಾ ಮೂತಿಯ ಅಂಚು ಹರಿತವಾಗಿದೆ. ಮದ್ದು ಬದಲಿಸಿ ಪ್ರಯೋಜನವಿಲ್ಲ, ಮೂತಿಯನ್ನು ನಯ ಮಾಡಿಸಬೇಕು. ಚಿಂದಿ ಚಿಂದಿಯಾದ ಬಟ್ಟೆ ಸಿಕ್ಕಿತು, ಕಾಗದದ ಮೇಲೆ ಗುಂಡುಗಳು ದಿಕ್ಕಿಗೊಂದು ಹೋಗಿವೆ ಎಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇಂಥವರು ದುರ್ಬೀನು ಕೊಳ್ಳಲು ಹೊರಡುತ್ತಾರೆ!

ಎಣ್ಣೆಯ ಬಗ್ಗೆ ಒಂದು ಮಾತು. ಮೈದಾನದಲ್ಲಿ ತುಂಬಿದ ಕೂಡಲೇ ಹೊಡೆಯುವಾಗ ಒದ್ದೆ ಬಟ್ಟೆ ನಡೆಯುತ್ತದೆ. ಕಾಡಿನಲ್ಲಿ ಬೆಳಿಗ್ಗೆ ತುಂಬಿದ ಕೋವಿ ಸಂಜೆಯವರೆಗೆ ಹಾಗೇ ಇರುತ್ತದೆ. ತೊಟ್ಟಿಕ್ಕುವ ಬಟ್ಟೆಯ ಎಣ್ಣೆ ಕೆಳಗಿನ ಮದ್ದಿಗೆ ಇಳಿದು ಅದನ್ನು ಸಾಯಿಸುತ್ತದೆ. ಬೇಟೆಗೆ ಮೇಣ ಮತ್ತು ಕೊಬ್ಬು ಬೆರೆತ ಗಟ್ಟಿ ಲೇಪವೇ ವಾಸಿ. ಲೇಪ ಬದಲಾಯಿಸಿದ ಮೇಲೆ ಗುರಿ ಮತ್ತೆ ನೋಡಿಕೊಳ್ಳಬೇಕು ಎನ್ನುವುದನ್ನು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಇನ್ನು ಅಳತೆ. ನಳಿಗೆಯ ಕ್ಯಾಲಿಬರ್ ಎಷ್ಟೋ ಅಷ್ಟು ಗ್ರೇನ್‌ನಿಂದ ಶುರು ಮಾಡುವುದು ಹಳೆಯ ವಾಡಿಕೆ: .50 ನಳಿಗೆಗೆ 50. ಚೀಲದ ಮೇಲೆ ಕೋವಿ ಇಟ್ಟು 50 ಗಜಕ್ಕೆ ಮೂರು ಈಡು. ಪ್ರತಿ ಈಡಿನ ನಂತರ ತೇವದ ಬಟ್ಟೆಯಿಂದ ಒಂದು ಸಲ, ಒಣ ಬಟ್ಟೆಯಿಂದ ಒಂದು ಸಲ ನಳಿಗೆ ಒರೆಸಬೇಕು, ಏಕೆಂದರೆ ಕಪ್ಪು ಮದ್ದು ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಪಾಲು ಘನ ಮಸಿಯಾಗಿಯೇ ಉಳಿಯುತ್ತದೆ. ಐದೈದು ಗ್ರೇನ್ ಏರಿಸುತ್ತಾ ಹೋದಂತೆ ಮೂರು ತೂತುಗಳು ಹತ್ತಿರ ಹತ್ತಿರ ಬರುತ್ತವೆ, ಒಂದು ಹಂತದ ನಂತರ ಮತ್ತೆ ದೂರವಾಗುತ್ತವೆ. ಹತ್ತಿರ ಬಂದ ಕಡೆ ನಿಲ್ಲಬೇಕು. ಬೇರೇನನ್ನೂ ಆಗ ಬದಲಿಸಬಾರದು. ಬಟ್ಟೆ, ಎಣ್ಣೆ, ಗುಂಡು, ಗುಂಡನ್ನು ಜಡಿಯುವ ಕೋಲನ್ನು ಒತ್ತುವ ಬಲ ಕೂಡ ಒಂದೇ ಇರಬೇಕು. ನನ್ನ ಕೋವಿ 75 ಗ್ರೇನ್ ಎರಡು ಎಫ್‌ಗೆ ಒಲಿದಿದೆ. ನನ್ನ ಗೆಳೆಯನ ಕೋವಿ ಅದೇ ತಯಾರಿಕೆಯದು, ಅದೇ ಸುರುಳಿಯದು, ಅದಕ್ಕೆ 65 ಬೇಕು. ಆದ್ದರಿಂದಲೇ ಪತ್ರಿಕೆಯಲ್ಲಿ ಪಟ್ಟಿ ಹಾಕಿ ಮುಗಿಸುವ ವಿಷಯ ಇದಲ್ಲ. ತಯಾರಕರು ಕೊಟ್ಟ ಗರಿಷ್ಠ ಮಿತಿಯೊಂದನ್ನು ಮಾತ್ರ ಪಟ್ಟಿಯಲ್ಲಿ ಕೊಡಬಹುದಿತ್ತು, ಅದೇ ನಿಮ್ಮ ಪಟ್ಟಿಯಲ್ಲಿರಲಿಲ್ಲ.

ಮದ್ದು ಹೆಚ್ಚಿಸಿದರೆ ದೂರ ಹೆಚ್ಚುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯೋ ಅಷ್ಟೇ ಪೊಳ್ಳು. .50ರ ಉರುಟು ಗುಂಡಿಗೆ 50 ಗ್ರೇನ್ ಹಾಕಿದಾಗ ನನ್ನ ವೇಗಮಾಪಕ ಮೂತಿಯ ಬಳಿ ಸೆಕೆಂಡಿಗೆ 1,500 ಅಡಿಯ ಆಸುಪಾಸು ತೋರಿಸುತ್ತದೆ. ಮದ್ದನ್ನು ದುಪ್ಪಟ್ಟು ಮಾಡಿ 100 ಹಾಕಿದರೆ 1,900ರ ಮೇಲೆ. ದುಪ್ಪಟ್ಟು ಮದ್ದಿಗೆ ಕಾಲು ಪಾಲಿನಷ್ಟು ಹೆಚ್ಚಿನ ವೇಗ! ಆ ಗಳಿಕೆಯನ್ನೂ ಗಾಳಿ ಉಳಿಸುವುದಿಲ್ಲ. ಉರುಟು ಗುಂಡಿನದು ಗಾಳಿಗೆ ಎದೆಯೊಡ್ಡುವ ಆಕಾರ. ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಹೆಚ್ಚು. 100 ಗಜ ಮುಟ್ಟುವಾಗ ಎರಡರ ನಡುವಿನ ಅಂತರ ಅರ್ಧಕ್ಕೂ ಕೆಳಗೆ ಇಳಿದಿರುತ್ತದೆ, ಪೆಟ್ಟಿನ ಶಕ್ತಿಯಂತೂ ಮೂತಿಯಲ್ಲಿದ್ದುದರ ಅರ್ಧವೂ ಉಳಿದಿರುವುದಿಲ್ಲ. ಭುಜಕ್ಕೆ ಮಾತ್ರ ದುಪ್ಪಟ್ಟು ಮದ್ದಿನ ಲೆಕ್ಕ ಪೂರ್ತಿ ಸಿಗುತ್ತದೆ.

ನಿಮ್ಮ ಪಟ್ಟಿಯ 150 ಗ್ರೇನ್ ಎಲ್ಲಿಂದ ಬಂತು ಎನ್ನುವುದು ಗೊತ್ತು. ಅದು 50 ಗ್ರೇನ್‌ನ ಮೂರು ಗುಳಿಗೆಗಳ, ಅಂದರೆ ಒತ್ತಿ ಗಟ್ಟಿ ಮಾಡಿದ ಮದ್ದಿನ ತುಂಡುಗಳ ಲೆಕ್ಕ, ಇನ್‌ಲೈನ್ ಕೋವಿಗಳ ಜಾಹೀರಾತಿನದು. 1985ರಲ್ಲಿ ಟೋನಿ ನೈಟ್ ಎಂಬುವರು ಹೊರತಂದ ಎಂಕೆ–85 ಈ ಬಗೆಯ ಕೋವಿಗಳನ್ನು ಜನಪ್ರಿಯಗೊಳಿಸಿತು. ನಳಿಗೆಯ ಹಿಂದೆ ನೇರವಾಗಿ ಕಿಡಿ, 28ರ ಸುರುಳಿ, ಪಿಸ್ತೂಲಿನ .44 ಅಥವಾ .45 ಗುಂಡನ್ನು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂರಿಸಿ .50 ನಳಿಗೆಯಿಂದ ಹಾರಿಸುವ ಸೇಬೋ. ಇವುಗಳ ಬಗ್ಗೆ ನನಗೆ ತಿರಸ್ಕಾರವಿಲ್ಲ. ಚೆನ್ನಾಗಿ ಹೊಡೆಯುತ್ತವೆ, ಉರುಟು ಗುಂಡಿಗಿಂತ ದೂರಕ್ಕೂ ಹೊಡೆಯುತ್ತವೆ. ಆದರೆ ಮೂರು ಗುಳಿಗೆ ಎಲ್ಲ ಕೋವಿಗಳಿಗೂ ಅನುಮತಿಸಿದ್ದಲ್ಲ, ಅನುಮತಿ ಇರುವ ಕೋವಿಗಳಲ್ಲೂ ಎರಡು ಗುಳಿಗೆಯಲ್ಲಿ ಬರುವಷ್ಟು ಒಟ್ಟಾದ ಗುರಿ ಮೂರರಲ್ಲಿ ಬರುವುದು ಅಪರೂಪ. ಹಿಮದ ಮೇಲೆ ಹೊಡೆದು ನೋಡಿ, ಮೂತಿಯ ಮುಂದೆ ಪೂರ್ತಿ ಉರಿಯದ ಚೂರುಗಳು ಚೆಲ್ಲಿರುತ್ತವೆ. ಗುಳಿಗೆಯ ದೊಡ್ಡ ಕೊರತೆ ಎಂದರೆ ಅದನ್ನು ಐದೈದು ಗ್ರೇನ್ ಏರಿಸಿ ಇಳಿಸಿ ನೋಡಲಾಗುವುದಿಲ್ಲ. ಹರಳು ಮದ್ದು ಬಳಸುವವನಿಗೆ ಆ ಸ್ವಾತಂತ್ರ್ಯವಿದೆ. ಗುಳಿಗೆಯನ್ನೇ ಹಾಕುವವರು ಪೈರೋಡೆಕ್ಸ್ ಗುಳಿಗೆಯ ಕಪ್ಪು ಬಳಿದ ತುದಿ ಕೆಳಗೆ, ಕಿಡಿಯ ಕಡೆಗೆ, ಇರುವಂತೆ ಹಾಕಬೇಕು. ಅದು ಹೊತ್ತಿಸಲೆಂದೇ ಹಚ್ಚಿರುವ ಕಪ್ಪು ಮದ್ದು.

ಶಂಕುಗುಂಡಿನ ಬಗ್ಗೆ ಒಂದು ಎಚ್ಚರಿಕೆ ಹೇಳದೆ ಬಿಡಲಾರೆ. .50ರ ಮ್ಯಾಕ್ಸಿ ಬಾಲ್ ಎಂಬ ಶಂಕುಗುಂಡು 370 ಗ್ರೇನ್ ತೂಗುತ್ತದೆ, ಉರುಟು ಗುಂಡಿನ ಎರಡರಷ್ಟು. ಬಟ್ಟೆಯಿಲ್ಲ, ಮೈಮೇಲಿನ ತೋಡುಗಳಲ್ಲಿ ಕೊಬ್ಬು ತುಂಬಿ ಹಾಗೇ ಇಳಿಸುವುದು. ಭಾರದಿಂದಾಗಿ ಒಳ್ಳೆಯ ಆಳಕ್ಕೆ ಹೋಗುತ್ತದೆ. ಆದರೆ ಹೆಗಲಿಗೆ ಮೂತಿ ಕೆಳಗಾಗಿ ಹಾಕಿಕೊಂಡು ಗುಡ್ಡ ಹತ್ತಿಳಿಯುವಾಗ ಅದು ಮೆಲ್ಲಗೆ ಮುಂದಕ್ಕೆ ಜಾರಬಹುದು. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಬಿದ್ದ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಜಡಿಯುವ ಕೋಲಿನ ಮೇಲೆ ಎರಡು ಗೀರು ಹಾಕಿಟ್ಟುಕೊಳ್ಳುವುದು ಇದಕ್ಕೇ: ಖಾಲಿ ನಳಿಗೆಗೆ ಒಂದು, ಸರಿಯಾಗಿ ತುಂಬಿದ ನಳಿಗೆಗೆ ಒಂದು. ಮಧ್ಯಾಹ್ನ ಊಟಕ್ಕೆ ಕೂತಾಗ ಕೋಲು ಇಳಿಸಿ ನೋಡಿದರೆ ಗುಂಡು ಎಲ್ಲಿದೆ ಎಂದು ತಿಳಿಯುತ್ತದೆ. ಬಟ್ಟೆ ಸುತ್ತಿದ ಉರುಟು ಗುಂಡಿಗೂ ಇದೇ ನಿಯಮ, ಅದು ಜಾರುವುದು ಕಡಿಮೆ ಅಷ್ಟೆ. ಇನ್ನೊಂದು, ಮದ್ದನ್ನು ಅದನ್ನು ತುಂಬಿಡುವ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯುವ ಚಿತ್ರ ನಿಮ್ಮ ಲೇಖನದಲ್ಲಿತ್ತು. ಹಿಂದಿನ ಈಡಿನ ಕೆಂಡ ಒಳಗಿದ್ದರೆ ಕೈಯಲ್ಲಿರುವ ಕೊಂಬೇ ಬಾಂಬು. ಕೊಂಬಿನಿಂದ ಅಳತೆಕೊಳವೆಗೆ, ಕೊಂಬಿನ ಬಾಯಿ ಮುಚ್ಚಿ, ಕೊಳವೆಯಿಂದ ನಳಿಗೆಗೆ. ಚಿತ್ರ ಸುಂದರವಾಗಿತ್ತು, ಒಪ್ಪುತ್ತೇನೆ.

ಕಾನೂನಿನ ಸಂಗತಿಯನ್ನೂ ಆ ಚೌಕಟ್ಟು ಹಾರಿಸಿಬಿಟ್ಟಿದೆ. ಪ್ರತಿ ರಾಜ್ಯದ ನಿಯಮ ಬೇರೆ. ಕೊಲೊರಾಡೊದ ಮೂತಿಕೋವಿ ಋತುವಿನಲ್ಲಿ ಗುಳಿಗೆ ಮದ್ದಿಲ್ಲ, ಸೇಬೋ ಇಲ್ಲ, ಹೊಗೆರಹಿತ ಮದ್ದಿಲ್ಲ, ದುರ್ಬೀನೂ ಇಲ್ಲ, ಜಿಂಕೆಗೆ ಕನಿಷ್ಠ.40, ಎಲ್ಕ್‌ಗೆ ಕನಿಷ್ಠ .50 ನಳಿಗೆ, ಶಂಕುಗುಂಡಿನ ಉದ್ದ ವ್ಯಾಸದ ಎರಡರಷ್ಟನ್ನು ಮೀರುವಂತಿಲ್ಲ. ನಿಮ್ಮ ಪಟ್ಟಿಯ ಮೂರು ಗುಳಿಗೆ, ಸೇಬೋ ಹಿಡಿದು ಅಲ್ಲಿಗೆ ಹೋದವನು ಅರಣ್ಯಾಧಿಕಾರಿಯ ಮುಂದೆ ನಿಲ್ಲಬೇಕಾಗುತ್ತದೆ. ಭಾರತದಲ್ಲಿರುವ ಓದುಗರಿಗೆ 1972ರ ವನ್ಯಜೀವಿ ಕಾಯ್ದೆ ಇದೆ ಎನ್ನುವುದನ್ನು ನೆನಪಿಸಿದರೆ ಸಾಕು. ಈ ಪತ್ರ ಅವರಿಗೆ ಬರೀ ಓದುವುದಕ್ಕೆ.

ದೂರದ ಮಾತು ಉಳಿಯಿತು. ನನ್ನ ಕೋವಿಯನ್ನು 50 ಗಜಕ್ಕೆ ಸರಿಹೊಂದಿಸಿದರೆ 100 ಗಜದಲ್ಲಿ ಗುಂಡು ನಾಲ್ಕೈದು ಅಂಗುಲ ಕೆಳಗೆ ಬೀಳುತ್ತದೆ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ, ಅಂದರೆ ಮರದ ಎಲೆ ಬಿಡದೆ ಅಲ್ಲಾಡುವಷ್ಟು ಗಾಳಿ, ಅದೇ ದೂರದಲ್ಲಿ ಗುಂಡನ್ನು ಸುಮಾರು ಮುಕ್ಕಾಲು ಅಡಿ ಪಕ್ಕಕ್ಕೆ ಸರಿಸುತ್ತದೆ. ಜಿಂಕೆಯ ಎದೆಗೂಡಿನಲ್ಲಿ ಗುಂಡು ಹೊಕ್ಕರೆ ಬೇಗ ಬೀಳುವ ಜಾಗ ಎಂಟು ಅಂಗುಲ ಅಗಲದ್ದು. ಈ ಮೂರು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟ ಮೇಲೆ ನಾನು ನನಗೆ ಹಾಕಿಕೊಂಡ ಮಿತಿ 75 ಗಜ. ಅದೂ ಜಿಂಕೆ ಅಡ್ಡ ನಿಂತಿದ್ದರೆ, ನನಗೆ ಕೋವಿ ಊರಲು ಮರವೊಂದು ಸಿಕ್ಕಿದ್ದರೆ. ಚಕಮಕಿ ಕೋವಿಯಲ್ಲಿ ಟ್ರಿಗರ್ ಎಳೆದದ್ದಕ್ಕೂ ಗುಂಡು ಹೊರಟದ್ದಕ್ಕೂ ನಡುವೆ ಒಂದು ಚಿಟಿಕೆ ಹೊತ್ತು ಇರುತ್ತದೆ, ಆಗ ಕೈ ಅಲ್ಲಾಡಬಾರದು. ಹೊಗೆ ಮೇಲೆದ್ದಾಗ ಏನೂ ಕಾಣುವುದಿಲ್ಲ. ಬಗ್ಗಿ ಹೊಗೆಯ ಕೆಳಗಿನಿಂದ ನೋಡಬೇಕು, ಜಿಂಕೆ ಯಾವ ಮರದ ಪಕ್ಕದಿಂದ ಹೋಯಿತು ಎಂದು ಗುರುತಿಟ್ಟುಕೊಳ್ಳಬೇಕು, ಓಡುವ ಮೊದಲು ಕೋವಿ ತುಂಬಬೇಕು. 75 ಗಜಕ್ಕೆ ಬಾರದ ಜಿಂಕೆ ನನ್ನ ಪಾಲಿಗೆ ಇಲ್ಲ. 150 ಗ್ರೇನ್ ಅದನ್ನು ಹತ್ತಿರ ತರುವುದಿಲ್ಲ.

ಕೊನೆಯದಾಗಿ ಕೋರಿಕೆ. ಮುಂದಿನ ಭಾನುವಾರ ಅದೇ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ: ಬದಲಿ ಮದ್ದುಗಳನ್ನು ತಕ್ಕಡಿಯಲ್ಲಿ ತೂಗಬಾರದು, ಕಪ್ಪು ಮದ್ದಿಗೆಂದು ಗೀರು ಹಾಕಿದ ಅಳತೆಕೊಳವೆಯಲ್ಲೇ ಅಳೆಯಬೇಕು, ಕೋವಿಯ ಕೈಪಿಡಿಯಲ್ಲಿರುವ ಗರಿಷ್ಠ ಮಿತಿಯನ್ನು ದಾಟಬಾರದು, ಹೊಗೆರಹಿತ ಮದ್ದನ್ನು ಹಾಕಲೇಬಾರದು ಎಂದು. ಲೇಖನ ಬಂದಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿದರೆ ಇನ್ನೂ ಒಳ್ಳೆಯದು. ಜಾಲತಾಣದಲ್ಲಿರುವ ಪಟ್ಟಿಯನ್ನು ತಿದ್ದುವವರೆಗೆ ಕಾಯದೆ ಇವತ್ತೇ ತೆಗೆದುಹಾಕಿಬಿಡಿ.

ಇತಿ,
ನಿಮ್ಮ ಹಳೆಯ ಓದುಗ
ಪೆನ್ಸಿಲ್ವೇನಿಯಾ